ಅವ್ವನ ಮೇಲೆ ಶುಂಠಿ ಟೀ ಸೆಂಟು

ಟೀ ಮತ್ತು ಶುಂಠಿಯ ಸೆಂಟನ್ನು ದುಡ್ಡು ಕೊಟ್ಟು ಮನೆಗೆ ತಂದವಳು ನಾನು. ನಗದವರಿಲ್ಲ. ದಿನಾ ಬೆಳಿಗ್ಗೆ ಒಲೆ ಮೇಲೆ ಉಕ್ಕಿ ಚೆಲ್ಲುವ ವಾಸನೆಯನ್ನು ಯಾರಾದರೂ ಅಂಗಡಿಯಿಂದ ತರುತ್ತಾರೆಯೇ ಎಂದು ಅಪ್ಪ ಕೇಳಿದ. ತಿಪಟೂರಿನಲ್ಲಿ ನಾನು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಮುಚ್ಚಳ ತೆಗೆದು ಮೂಸಿದಾಗ ಹಿಡಿಸಿತು, ಕೊಂಡುಕೊಂಡೆ. ಹಂದನಕೆರೆಯಲ್ಲಿ ಸೋದರಮಾವನ ಮಗಳ ಮದುವೆ ಇತ್ತು, ಅದಕ್ಕೆ ಹಾಕಿಕೊಂಡು ಹೋಗೋಣವೆಂದು.

ಆ ಮದುವೆಗೆ ಅವ್ವ ಬರುವುದಿಲ್ಲ ಎಂದು ಕೂತಿದ್ದಳು. ಸ್ವಂತ ತಮ್ಮನ ಮಗಳ ಮದುವೆ. ನಮ್ಮ ಕಡೆ ಎಣ್ಣೆಶಾಸ್ತ್ರದಲ್ಲಿ ಮದುಮಗಳ ನೆತ್ತಿಗೆ ಮೊದಲು ಎಣ್ಣೆ ಮುಟ್ಟಿಸುವವಳು ಸೋದರತ್ತೆ, ಅಂದರೆ ಅವ್ವನೇ. ಮಾವ ಫೋನ್ ಮಾಡಿ ಗೋಗರೆದಿದ್ದ. ಸೊಂಟ ನೋವು ಅಂದಳು, ಹಸುವಿಗೆ ಹುಲ್ಲು ಹಾಕುವವರಿಲ್ಲ ಅಂದಳು. ಒಂದೂ ನಿಜವಲ್ಲ ಎಂದು ನಮಗೆ ಗೊತ್ತಿತ್ತು. ನಿಜ ಏನೆಂಬುದು ಮಾತ್ರ ಗೊತ್ತಿರಲಿಲ್ಲ.

ಹಿಂದಿನ ವರ್ಷ ಜ್ವರ ಬಂದು ಹೋದ ಮೇಲೆ ಅವ್ವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಬೇರೆಯವರಾಗಿದ್ದರೆ ಸುಮ್ಮನಿರಬಹುದಿತ್ತೇನೋ. ನಮ್ಮದು ಕೊಬ್ಬರಿ ಮನೆ. ಕಾಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ಒಡೆಯುವವರು ಒಡೆಯುತ್ತಿದ್ದರೆ ಅವ್ವ ರಾಶಿಯ ಪಕ್ಕ ಕೂತು ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು, ಕೌಟು ಹಿಡಿದಿದ್ದನ್ನು ಆಚೆ ಎಸೆಯುತ್ತಿದ್ದಳು. ನೋಡಿದರೆ ಚೆನ್ನಾಗಿಯೇ ಕಾಣುವ ಕೊಬ್ಬರಿ, ಒಳಗೆ ಎಣ್ಣೆ ಕೆಟ್ಟಿರುತ್ತದೆ. ಅದು ಮೂಗಿಗಲ್ಲದೆ ಕಣ್ಣಿಗೆ ತಿಳಿಯುವುದಿಲ್ಲ. ಜ್ವರದ ನಂತರ ಆ ಕೆಲಸ ಅತ್ತಿಗೆಗೆ ಬಂತು. ಅವ್ವ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ನಾವು ಮರೆತಳು ಅಂದುಕೊಂಡೆವು.

ಮದುವೆಗೆ ಹೊರಡುವ ಹಿಂದಿನ ಸಂಜೆ ಅತ್ತಿಗೆ ಸೀರೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಸೆಂಟಿನ ಬಾಟಲಿ ತೆಗೆದೆ. ಮೊದಲು ಅತ್ತಿಗೆಗೇ ಹೊಡೆದೆ. ಆಗ ತಾನೇ ಸ್ನಾನ ಮಾಡಿ ಬಂದಿದ್ದ ಅವಳ ಮೇಲೆ ಅದು ಕುದಿವ ನೀರಿಗೆ ಟೀ ಪುಡಿ ಬಿದ್ದ ಕ್ಷಣದ ವಾಸನೆ. ಶುಂಠಿ ಎಲ್ಲೋ ಹಿಂದೆ, ಮೆಲ್ಲಗೆ. ಹೊಟ್ಟೆಕಿಚ್ಚಾಯಿತು. ಅಣ್ಣ ತೋಟದಿಂದ ಬಂದವನು ಬೆವರು ಒರೆಸಿಕೊಳ್ಳದೆಯೇ ಕತ್ತು ಒಡ್ಡಿದ. ಅವನ ಮೇಲೆ ಟೀ ಏರಿಗೆ ಎಳೆದರೆ ಶುಂಠಿ ನೀರಿಗೆ ಎಳೆಯಿತು. ಕೊನೆಗೆ ಶುಂಠಿಯೇ ಗೆದ್ದು ಮೂಗಿಗೆ ಖಾರ ಹತ್ತಿತು.

"ಹೆಂಗೈತಲೇ?" ಅಂದ.

"ಜಜ್ಜಿದ ಶುಂಠಿ ಮೇಲೆ ಬಿದ್ದು ಹೊರಳಾಡಿದಂಗೈತೆ. ನಾಳೆ ಹಾಕ್ಕೋಬ್ಯಾಡ."

ಅಪ್ಪ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಬಂದು ಕೈ ನೀಡಿದ. ಆಗ ನಕ್ಕವನು ಈಗ ಸಾಲಿನಲ್ಲಿ ನಿಂತಿದ್ದ. ಅವನ ಮೇಲೆ ಅದು ಕೆಮ್ಮಿಗೆ ಕಾಯಿಸುವ ಕಷಾಯ. ಹಾಗೆಂದೇ ಹೇಳಿದೆ. ಬಾಯಿಗೆ ಬಂದಿದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ. ಗಿರಾಕಿಗಳಿಗೂ ನಿಮಗೆ ಈ ಬಣ್ಣ ಒಪ್ಪುವುದಿಲ್ಲ ಎಂದು ಮುಖದ ಮೇಲೆ ಹೇಳಿ ಬೈಸಿಕೊಂಡಿದ್ದೇನೆ. ಇನ್ನು ನನ್ನ ಮೇಲೆ? ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಲೋಟದ ತಳದಲ್ಲಿ ಉಳಿದು ಆರಿದ ಟೀ. ತಂದವಳು ನಾನು, ಘಮಘಮ ಅನ್ನುವವಳು ಅತ್ತಿಗೆ.

ಅವ್ವ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಬಾ ಎಂದು ಕರೆದೆ.

"ನಂಗ್ಯಾಕೆ, ಬುಡು," ಅಂದಳು.

"ಅವಳ್ಗೇನ್ ಗೊತ್ತಾಯ್ತದೆ ಈಗ," ಎಂದ ಅಪ್ಪ. ನೋಯಿಸಬೇಕೆಂದು ಆಡಿದ ಮಾತಲ್ಲ, ಆದರೂ ನನಗೆ ಸಿಟ್ಟು ಬಂತು. ಅವ್ವ ಹಿತ್ತಿಲಿಗೆ ಹೋದಳು. ಬಾಟಲಿ ಹಿಡಿದುಕೊಂಡು ನಾನೂ ಹಿಂದೆ ಹೋದೆ.

ಬಚ್ಚಲ ಕಲ್ಲಿನ ಹತ್ತಿರ ಅವಳು ಕೈ, ಕತ್ತು ಎಲ್ಲಕ್ಕೂ ಸೋಪು ಹಚ್ಚಿ ಉಜ್ಜಿಕೊಳ್ಳುತ್ತಿದ್ದಳು. ಮಧ್ಯಾಹ್ನವಷ್ಟೇ ಸ್ನಾನ ಮಾಡಿದ್ದವಳು. ತಲೆಗೂದಲು ಒಣಗಿ ತೆಂಗಿನ ನಾರಿನ ಹಾಗೆ ನಿಂತಿತ್ತು. ತಲೆಗೆ ಎಣ್ಣೆ ಇಡುವುದನ್ನು ಅವಳು ಬಿಟ್ಟು ಎಷ್ಟೋ ತಿಂಗಳಾಗಿತ್ತು, ವಯಸ್ಸಾದ ಮೇಲೆ ಸ್ಟೈಲು ಬಂತು ನಿಂಗೆ ಎಂದು ನಾವೆಲ್ಲ ಛೇಡಿಸಿದ್ದೆವು. ಹತ್ತಿರ ಹೋದೆ.

"ಹತ್ರ ಬರಬ್ಯಾಡ ಕಣೇ," ಅಂದಳು.

"ಯಾಕೆ?"

ಅವಳು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಅವತ್ತು ಚಟ್ನಿಪುಡಿಗೆ ಕೌಟು ಕೊಬ್ಬರಿ ಹಾಕಿದ್ನಲ್ಲ. ನಿಮ್ಮಣ್ಣ ಉಗುದ್ನಲ್ಲ. ನಂಗೆ ಒಂಚೂರೂ ಗೊತ್ತಾಗ್ಲಿಲ್ಲ. ಕೈಯಾಗಿದ್ದ ಕೊಬ್ಬರೀದೇ ಗೊತ್ತಾಗ್ಲಿಲ್ಲ ಅಂದ್ಮ್ಯಾಕೆ, ನನ್ ಮೈದು ನಂಗೆ ಹೆಂಗ್ ಗೊತ್ತಾಯ್ತದೆ? ಹುಟ್ಟಿದಾಗಿಂದ ಎಣ್ಣೆ ಕುಡಿದಿರೋ ಮೈ ಇದು. ಕೌಟು ನಾತ ಹೊಡೀತಿದ್ರೆ? ಆ ಮದುವೆ ಹುಡುಗಿ ಪಕ್ಕದಾಗೆ ಹೆಂಗ್ ಕೂರ್ಲಿ?"

ನನಗೆ ಅಳು ಬಂತು. ಚಟ್ನಿಪುಡಿಯ ವಿಷಯ ಅಣ್ಣ ಮರೆತೇಬಿಟ್ಟಿದ್ದ. ಅವ್ವ ಮಾತ್ರ ಅಂದಿನಿಂದ ಎಲ್ಲರಿಂದ ಮಾರು ದೂರ ಕೂರುತ್ತಿದ್ದಳು, ಊಟಕ್ಕೂ ಕೊನೆಗೆ ಒಬ್ಬಳೇ. ಒಂದೇ ಮನೆಯಲ್ಲಿದ್ದು ಯಾರಿಗೂ ಅರ್ಥವಾಗಿರಲಿಲ್ಲ.

"ಏನೂ ನಾತ ಇಲ್ಲ ಕಣವ್ವ," ಅಂದೆ.

"ಸಮಾಧಾನಕ್ಕೆ ಹೇಳಬ್ಯಾಡ." ಒದ್ದೆ ಮುಂಗೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದಳು. "ಅದನ್ನ ಹೊಡಿ. ಅವರ್ಗೆಲ್ಲ ಹೇಳ್ದ್ಯಲ್ಲ, ಹಂಗೇ ನಂಗೂ ಹೇಳು."

ಹೊಡೆದೆ, ಮೂಸಿದೆ. ಉಜ್ಜಿ ಉಜ್ಜಿ ಸುಲಿದಿಟ್ಟ ಚರ್ಮ, ಸೆಂಟು ನಿಲ್ಲಲು ಜಾಗವೇ ಇರಲಿಲ್ಲ.

"ಚೆನ್ನಾಗಿಲ್ಲ," ಅಂದೆ. "ಸೋಪಲ್ಲಿ ತೊಳೆದಿಟ್ಟ ಟೀ ಲೋಟ ಇದ್ದಂಗೈತೆ. ನನ್ಗಿಂತ ಕಡೆ."

ಅವ್ವ ನಕ್ಕಳು. ಚೆನ್ನಾಗಿದೆ ಅಂದಿದ್ದರೆ ಅವಳು ನಂಬುತ್ತಿರಲಿಲ್ಲ.

ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಅವಳ ಇನ್ನೊಂದು ಮುಂಗೈಗೆ ತಿಕ್ಕಿ, ಮೇಲೆ ಸೆಂಟು ಹೊಡೆದೆ. ಬಾಟಲಿ ಮಾಡಿದವರು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಆದರೆ ಎಣ್ಣೆ ಅದನ್ನು ಹಿಡಿದುಕೊಂಡಿತು. ಟೀ ಮೆತ್ತಗಾಯಿತು, ಶುಂಠಿಯ ಖಾರ ಇಳಿಯಿತು. ಅತ್ತಿಗೆಯ ಮೇಲಿಗಿಂತಲೂ ಚೆನ್ನಾಗಿತ್ತು.

"ಶುಂಠಿ ಹಾಕಿದ ಕೊಬ್ಬರಿ ಮಿಠಾಯಿ," ಅಂದೆ.

"ಕೌಟು?"

"ಕೌಟಿದ್ರೆ ನಿನ್ ಮಗನಿಗಿಂತ ಮುಂಚೆ ನಾನೇ ಮೂಗು ಮುಚ್ಕೊಂತಿದ್ದೆ."

ಅವಳು ಬಚ್ಚಲ ಕಲ್ಲಿನ ಮೇಲೆ ಕೂತು, ನನಗೆ ಬೆನ್ನು ಮಾಡಿ, ಜಡೆ ಬಿಚ್ಚಿದಳು. ಆ ಒಣಕೂದಲು ಎಣ್ಣೆ ಕುಡಿಯಿತು, ಕುಡಿಯುತ್ತಲೇ ಇತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಳು, ಕಿಟಕಿಗೆ ಅಂಟಿಕೊಂಡು. ಹೊರಡುವ ಮುಂಚೆ ಮುಂಗೈಗೆ ಮತ್ತೆ ಸೆಂಟು ಹಾಕಿಸಿಕೊಂಡಿದ್ದಳು. ಹಾಲ್ಕುರಿಕೆ ದಾಟಿದ ಮೇಲೆ ಆ ಕೈ ನನ್ನ ಮೂಗಿನ ಹತ್ತಿರ ಬಂತು.

"ಈಗ?"

"ಟೀ ಹೋಯ್ತು. ಶುಂಠಿ ಐತೆ."

ಇನ್ನೂ ಒಂದಷ್ಟು ತೋಟಗಳು ಹಿಂದೆ ಸರಿದವು.

"ಈಗ?"

"ಶುಂಠೀನೂ ಹೋಯ್ತು."

"ಮತ್ತೇನೈತೆ?" ಕೇಳುವಾಗ ಅವಳ ದನಿ ಇಳಿದಿತ್ತು.

ಮತ್ತೊಮ್ಮೆ ಮೂಸಿದೆ. "ನಿನ್ ವಾಸ್ನೆ. ಮುಂಚಿಂದ ಇದ್ದಿದ್ದೇ."

"ಒಳ್ಳೇದಾ?"

"ಒಳ್ಳೇದು ಕಣವ್ವ."

ಅವಳು ಕಿಟಕಿ ಬಿಟ್ಟು ಈ ಕಡೆ ಸರಿದು, ಎಣ್ಣೆ ಜಿನುಗುತ್ತಿದ್ದ ತಲೆಯನ್ನು ನನ್ನ ಹೆಗಲಿಗೆ ಒರಗಿಸಿ ಕಣ್ಣು ಮುಚ್ಚಿದಳು. ನಾನು ಉಟ್ಟಿದ್ದು ಹೊಸ ರೇಷ್ಮೆ ಸೀರೆ. ಬಟ್ಟೆಗೆ ಒಂದು ತೊಟ್ಟು ಎಣ್ಣೆ ತಾಗಿದರೆ ಅಂಗಡಿಯಲ್ಲಿ ಕೂಗಾಡುವವಳು ನಾನು. ಅವತ್ತು ಹಂದನಕೆರೆ ಬರುವವರೆಗೂ ಹೆಗಲು ಅಲುಗಿಸಲಿಲ್ಲ.