ಅಮೆರಿಕದ ಪಾಠಕ್ಕೆ ಯಾರದೂ ತಕರಾರಿರಲಿಲ್ಲ

ಒಂಬತ್ತನೆಯ ತರಗತಿಯ ಇತಿಹಾಸದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಇರುವ ಪುಟಗಳು ಕಡಿಮೆ. ನಾನು ಆ ಪಾಠವನ್ನು ಪ್ರತಿವರ್ಷ ಸ್ವಲ್ಪ ಎಳೆದು ಮಾಡುತ್ತಿದ್ದೆ. ಯುದ್ಧ ಮುಗಿದ ಮೇಲೆ ಆ ಜನ ಎಂಥ ಸರಕಾರ ಕಟ್ಟಿಕೊಂಡರು ಎಂಬುದನ್ನೂ ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ಮೂರು ಚೌಕ ಬರೆದು, ಕಾಯ್ದೆ ಮಾಡುವವರು ಇವರು, ನಡೆಸುವವನು ಇವನು, ತಪ್ಪಿದರೆ ಹಿಡಿದು ಕೇಳುವವರು ಇವರು ಎಂದು ವಿವರಿಸಿ, ಆಮೇಲೆ ನಮ್ಮ ದೇಶದ ಮೂರು ಚೌಕಗಳನ್ನು ಪಕ್ಕದಲ್ಲಿ ಬರೆಯುತ್ತಿದ್ದೆ. ಪೌರನೀತಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೀಗೆ ಎರಡು ದೇಶಗಳನ್ನು ಎದುರುಬದುರು ಕೂರಿಸಿದರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ.

ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲು. ನಾನು ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷದ ಡಿಸೆಂಬರಿನಲ್ಲಿ ಪಾಠ ಮಾಡುತ್ತಿದ್ದಾಗ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿ, ಖುಷಿಯಾಗಿ, “ಮೇಡಂ, ಇದನ್ನ ಒಂದು ನಾಟಕ ಮಾಡಸ್ರಿ. ಇಲಾಖೆ ಸಾಹೇಬ್ರು ವಿಸಿಟಿಗೆ ಬರೋರದಾರ” ಎಂದರು.

ಮಾಡಿಸಿದೆ. ಒಬ್ಬ ಅಧ್ಯಕ್ಷ, ಹತ್ತು ಜನ ಕಾಂಗ್ರೆಸ್ಸಿನ, ಅಂದರೆ ಅಲ್ಲಿಯ ಸಂಸತ್ತಿನ, ಸದಸ್ಯರು, ಒಬ್ಬಳು ನ್ಯಾಯಾಧೀಶೆ. ನ್ಯಾಯಾಧೀಶೆಯಾದವಳು ನಮ್ಮ ಖೋಖೋ ತಂಡದ ಹುಡುಗಿ, ಹದಿನಾಲ್ಕು ವರ್ಷದವಳು. ಅಜ್ಜನ ಕರಿ ಕಂಬಳಿಯನ್ನೇ ನಿಲುವಂಗಿಯಂತೆ ಹೊದ್ದು ಬಂದಿದ್ದಳು. ಅಧ್ಯಕ್ಷನ ಆದೇಶವನ್ನು ಓದಿ, “ನೀವು ಎಷ್ಟ ದೊಡ್ಡವರಿದ್ರೂ ಈ ಹುಕುಂ ಕಾಯ್ದೆಕ್ಕ ವಿರುದ್ಧ ಐತಿ, ಇದು ನಡಿಯಂಗಿಲ್ಲ” ಎಂದು ಅವಳು ಹೇಳಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪಂಚಾಯಿತಿಯ ಮೆಂಬರರೊಬ್ಬರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವಳಿಗೆ ಒಂದು ಪೆನ್ನನ್ನೂ ಕೊಟ್ಟರು. ನಾನು ಅದನ್ನು ನೋಡಿ ಹಿಗ್ಗಿದವಳೇ.

ಮರುದಿನ ತರಗತಿಯಲ್ಲಿ, ಅಮೆರಿಕದವರು ತಮ್ಮ ಸಂವಿಧಾನಕ್ಕೆ ಆಮೇಲೆ ಸೇರಿಸಿಕೊಂಡ ಹಕ್ಕುಗಳ ಬಗ್ಗೆ ಹೇಳಿದೆ. ಮಾತಾಡುವ ಹಕ್ಕು, ಸೇರುವ ಹಕ್ಕು, ನಮಗೆ ಹೀಗೆ ತೊಂದರೆಯಾಗಿದೆ ಸರಿಪಡಿಸಿ ಎಂದು ಸರಕಾರವನ್ನೇ ಕೇಳುವ ಹಕ್ಕು. ಅದೇ ಹುಡುಗಿ ಎದ್ದು ನಿಂತಳು.

“ಟೀಚರ್, ಹಂಗ ಕೇಳೋದು ನಮ್ಮಲ್ಲೂ ಐತೇನ್ರಿ?”

“ಐತಲ್ಲ. ನಮ್ಮ ಸಂವಿಧಾನದಾಗೂ ಮಾತಾಡೋ ಹಕ್ಕೈತಿ. ಮತ್ತ ನಿಮಗಂತಲೇ ವರ್ಷಕ್ಕೊಮ್ಮೆ ಪಂಚಾಯಿತ್ಯಾಗ ಮಕ್ಕಳ ಗ್ರಾಮಸಭಾ ಮಾಡ್ತಾರ.”

“ಅಲ್ಲಿ ಕೇಳಿದ್ರ ಬೈಯಂಗಿಲ್ಲೇನ್ರಿ?”

“ಯಾಕ ಬೈತಾರ? ಕೇಳ್ರಿ ಅಂತನ ಅವರು ಸಭಾ ಕರಿಯೋದು.”

ಎಷ್ಟು ಧೈರ್ಯವಾಗಿ ಹೇಳಿಬಿಟ್ಟೆ! ಆ ಮಾತನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅವಳ ಮನಸ್ಸಿನಲ್ಲಿ ಇದ್ದದ್ದು ಶಾಲೆಯ ಆಟದ ಬಯಲು. ಬ್ಯಾಡಗಿಯ ಸುತ್ತಮುತ್ತ ಸುಗ್ಗಿ ಬಂತೆಂದರೆ ಅಂಗೈಯಷ್ಟು ಸಮನಾದ ನೆಲವನ್ನೂ ಯಾರೂ ಬಿಡುವುದಿಲ್ಲ, ಅಲ್ಲಿ ಮೆಣಸಿನಕಾಯಿ ಒಣಗಿಸುತ್ತಾರೆ. ನನಗೆ ಆ ಕಾಯಿಯ ಮೇಲೆ ಸಿಟ್ಟಿಲ್ಲ. ನಮ್ಮ ಮನೆಯ ಸಾರಿನ ಬಣ್ಣವೂ ಅದರದೇ. ಆದರೆ ಶಾಲೆಯ ಬಯಲಿನಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ತಾಡಪಾಲು ಹಾಸಿ ಕಾಯಿ ಹರವುತ್ತಿದ್ದವರು ಬಡ ರೈತರಲ್ಲ. ಅದು ಪೆನ್ನು ಕೊಟ್ಟ ಆ ಮೆಂಬರರ ಮಾಲು. ಹಸಿಕಾಯಿ ಕೊಂಡು ಒಣಗಿಸಿ ಮಾರುವ ವ್ಯಾಪಾರ ಅವರದು. ಅವರಿಗೆ ಸ್ವಂತ ಕಣವೂ ಇತ್ತು, ಸಾಲುತ್ತಿರಲಿಲ್ಲ ಅಷ್ಟೆ.

ಗಾಳಿ ಎದ್ದರೆ ಕಿಟಕಿ ಮುಚ್ಚಿ ಪಾಠ ಮಾಡಬೇಕು. ಒಬ್ಬ ಸೀನಿದರೆ ನಲವತ್ತು ಜನ ಸೀನುವರು. ಖೋಖೋ ಕಂಬಗಳನ್ನು ಕಿತ್ತು ಮೂಲೆಗೆ ಒಗೆದಿದ್ದರು. ಇವೆಲ್ಲ ಹೋಗಲಿ. ಹುಡುಗಿಯರ ಪಾಯಖಾನೆ ಇದ್ದದ್ದು ಬಯಲಿನ ಆ ತುದಿಗೆ. ಅಲ್ಲಿಗೆ ಹೋಗಬೇಕೆಂದರೆ ಕಾಯಿ ದಾಟಿ ಹೋಗಬೇಕು. ಕಾವಲಿಗೆ ಕೂತವನು, “ಏ, ಕಾಯಿ ತುಳೀತೀರಿ, ಹೋಗಬ್ಯಾಡ್ರಿ” ಎಂದು ಕೂಗುತ್ತಿದ್ದ. ಹೀಗಾಗಿ ಹುಡುಗಿಯರು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಾಲ್ಕು ತಿಂಗಳು, ಬೇಸಿಗೆಯ ಬಾಗಿಲಿನಲ್ಲಿ, ಬೆಳೆಯುವ ಹೆಣ್ಣುಮಕ್ಕಳು! ನಾನು ಎರಡು ಸಲ ಸಿಬ್ಬಂದಿ ಸಭೆಯಲ್ಲಿ ಇದನ್ನು ಎತ್ತಿದ್ದೆ. ಎರಡು ಸಲವೂ ಹೆಡ್‌ಮಾಸ್ತರರು, “ಊರಾಗ ಇರೋರು ನಾವು, ಹೊಂದಿಕೊಂಡು ಹೋಗಬೇಕ್ರಿ” ಎಂದಿದ್ದರು. ಅವರು ಆ ಊರಿನಲ್ಲಿ ಇರಲಿಲ್ಲ, ರಾಣೆಬೆನ್ನೂರಿನಿಂದ ಬರುತ್ತಿದ್ದರು.

ಜನವರಿಯಲ್ಲಿ ಮಕ್ಕಳ ಗ್ರಾಮಸಭೆ ಆಯಿತು. ನಮ್ಮ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಪಂಚಾಯಿತಿಯ ಹಾಲಿನಲ್ಲಿ ಕುರ್ಚಿ ಹಾಕಿದ್ದರು, ಸ್ವಾಗತಗೀತೆ ಆಯಿತು, ಬಾಳೆಹಣ್ಣು ಬಿಸ್ಕೀಟು ಹಂಚಿದರು. ಪಂಚಾಯಿತಿಯ ಕಾರ್ಯದರ್ಶಿ ನಡಾವಳಿ ಪುಸ್ತಕ ತೆರೆದು ಕೂತರು. ನಡಾವಳಿ ಎಂದರೆ ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ಬರೆದಿಡುವ ದಾಖಲೆ. ಪ್ರಾಥಮಿಕ ಶಾಲೆಯ ಮಕ್ಕಳು ಕಂಪೌಂಡು, ನಲ್ಲಿ, ಬೀದಿದೀಪ ಕೇಳಿದರು. ಕಾರ್ಯದರ್ಶಿ ಬರೆದುಕೊಂಡರು. ಆಮೇಲೆ ನಮ್ಮ ಹುಡುಗಿ ಒಂದು ಚೀಟಿ ಹಿಡಿದು ಎದ್ದಳು.

“ನಮ್ಮ ಸಾಲಿ ಗ್ರೌಂಡಿನ್ಯಾಗ ಮೆಣಸಿನಕಾಯಿ ಹಾಕ್ತಾರ್ರಿ. ನಮಗ ಆಡಾಕ ಜಾಗಾ ಇಲ್ಲ. ಹುಡಿಗ್ಯಾರಿಗೆ ಪಾಯಖಾನೆಕ್ಕ ಹೋಗಾಕ ದಾರಿ ಇಲ್ಲ. ಗ್ರೌಂಡು ಸಾಲೀದ ಐತಿ. ಅದನ್ನ ಖಾಲಿ ಮಾಡಿಸಿಕೊಡಬೇಕ್ರಿ.”

ಅಷ್ಟೇ. ಯಾರ ಹೆಸರನ್ನೂ ಅವಳು ಹೇಳಲಿಲ್ಲ. ಕಾರ್ಯದರ್ಶಿಯ ಪೆನ್ನು ನಿಂತಿತು. ವೇದಿಕೆಯ ಮೇಲಿದ್ದ ಮೆಂಬರರು ನಗುತ್ತಲೇ ಕೇಳಿದರು.

“ಯಾರ ಮಗಳವಾ ನೀನು?”

ಅವಳು ಹೇಳಿದಳು.

“ಓಹೋ, ನಿಮ್ಮವ್ವ ನಮ್ಮ ಕಣಕ್ಕನ ಬರ್ತಾಳಲ್ಲ ತೊಟ್ಟು ತಗಿಯಾಕ.” ಆಮೇಲೆ ನನ್ನ ಕಡೆ ತಿರುಗಿದರು. “ಈ ಚೀಟಿ ಯಾರು ಬರದು ಕೊಟ್ರು?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, “ನಾನ ಬರದೇನ್ರಿ” ಎಂದಳು. ಕೂತುಕೊಳ್ಳಲಿಲ್ಲ. ಕಾರ್ಯದರ್ಶಿ, “ಆತು, ನೋಡೋಣು, ಕುಂದರವಾ” ಎಂದು ಮುಂದಿನ ಶಾಲೆಯ ಹೆಸರು ಕೂಗಿದರು.

ಮರುದಿನ ಬೆಳಿಗ್ಗೆ ಅವಳ ತಾಯಿ ಕಣಕ್ಕೆ ಹೋದಾಗ, ಇನ್ನು ಬರುವುದು ಬೇಡ ಎಂದು ಹೊರಗಿನಿಂದಲೇ ಕಳಿಸಿದರು. ಎಂಟು ವರ್ಷದಿಂದ ಅಲ್ಲಿ ಕಾಯಿಯ ತೊಟ್ಟು ಮುರಿಯುತ್ತಿದ್ದ ಹೆಂಗಸು. ಮಗಳು ಸಭೆಯಲ್ಲಿ ನಾಲ್ಕು ಮಾತು ಆಡಿದ್ದಕ್ಕೆ ತಾಯಿಯ ಕೂಲಿ ಹೋಯಿತು. ಇದನ್ನು ಯಾವ ಪಾಠದ ಯಾವ ಚೌಕದಲ್ಲಿ ಬರೆಯಬೇಕು?

ವಾರದೊಳಗೆ ನನಗೆ ಶಿಕ್ಷಣ ಇಲಾಖೆಯ ನೋಟೀಸು ಬಂತು. ಪಠ್ಯಕ್ಕೆ ಸಂಬಂಧವಿಲ್ಲದ ವಿಷಯ ಬೋಧಿಸಿ ವಿದ್ಯಾರ್ಥಿಗಳನ್ನು ಪ್ರಚೋದಿಸಿದ್ದೀರಿ, ವಿವರಣೆ ಕೊಡಿ ಎಂದು. ಹೆಡ್‌ಮಾಸ್ತರರು ಅದನ್ನು ನನ್ನ ಕೈಗೆ ಕೊಡುವಾಗ ತಲೆ ಎತ್ತಲಿಲ್ಲ.

“ಸರ, ನಾಟಕ ಮಾಡಸ್ರಿ ಅಂದಾವರು ನೀವ” ಎಂದೆ.

“ಅದು ಅಮೆರಿಕಾದ್ದಲ್ರಿ ಮೇಡಂ. ಅಲ್ಲಿ ಅಧ್ಯಕ್ಷನ್ನ ಬೇಕಾದ್ರ ದಿನಾ ಕಟಕಟೀಗೆ ನಿಲ್ಲಸ್ರಿ, ಯಾರು ಬ್ಯಾಡಂತಾರ? ಇಲ್ಲೀ ಮೆಂಬರ್ ಸುದ್ದಿ ನಮಗ್ಯಾಕ ಬೇಕಿತ್ತು?”

ಅವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಿದ್ದ, ಹೆದರಿದ ಮನುಷ್ಯ. ಆದರೆ ಅಂದು ನನಗೆ ಅವರ ಮೇಲೆ ಬಂದ ಸಿಟ್ಟು ಮೆಂಬರರ ಮೇಲೂ ಬಂದಿರಲಿಲ್ಲ. ಸಾವಿರಾರು ಮೈಲು ಆಚೆಗಿನ ಅಧಿಕಾರಸ್ಥನನ್ನು ಪ್ರಶ್ನಿಸುವುದು ಕಲಿಕೆ, ಎದುರು ಕುರ್ಚಿಯಲ್ಲಿ ಕೂತವನನ್ನು ಪ್ರಶ್ನಿಸುವುದು ಪ್ರಚೋದನೆ. ಹಾಗಾದರೆ ನಾವು ಪೌರನೀತಿಯನ್ನು ಕಲಿಸುವುದಾದರೂ ಯಾಕೆ? ಅಂಕಕ್ಕಾಗಿಯೇ?

ಹಾವೇರಿಯ ಇಲಾಖೆ ಕಚೇರಿಗೆ ಕರೆ ಬಂತು. ಪಠ್ಯಪುಸ್ತಕ, ನನ್ನ ಪಾಠದ ಟಿಪ್ಪಣಿ, ಮಕ್ಕಳ ಗ್ರಾಮಸಭೆ ನಡೆಸಿ, ಮಕ್ಕಳಿಂದ ಸಮಸ್ಯೆ ಹೇಳಿಸಿ ಎಂದು ಸರಕಾರವೇ ಹೊರಡಿಸಿದ್ದ ಸುತ್ತೋಲೆ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಅಧಿಕಾರಿಗಳು ಕುಳ್ಳಿರಿಸಿ ಚಹಾ ತರಿಸಿದರು. ನಾನು ಮೇಜಿನ ಮೇಲೆ ಇಟ್ಟ ಪುಸ್ತಕವನ್ನು ಅವರು ಮುಟ್ಟಲೂ ಇಲ್ಲ.

“ಮೇಡಂ, ನಿಮ್ಮ ಸರ್ವಿಸ್ ಛಲೋ ಐತಿ. ಇನ್ನ ಮುಂದ ಹಿಂಗ ಆಗಂಗಿಲ್ಲಂತ ಒಂದ ಲೈನ್ ಬರದು ಕೊಡ್ರಿ. ಇಲ್ಲಿಗೇ ಮುಗೀತು.”

“ಏನು ಆಗಂಗಿಲ್ಲ ಅಂತ ಬರೀಲಿ ಸರ? ಮಕ್ಕಳು ಕೇಳಂಗಿಲ್ಲ ಅಂತನೋ, ನಾ ಕಲಸಂಗಿಲ್ಲ ಅಂತನೋ?”

“ನೀವು ಮಾತು ಬೆಳಸಾಕತ್ತೀರಿ.”

ನಾನು ಆ ಸಾಲು ಬರೆಯಲಿಲ್ಲ. ಬದಲಿಗೆ, ನಾನು ಬೋಧಿಸಿದ ಯಾವ ವಿಷಯ ಪಠ್ಯಕ್ಕೆ ಸಂಬಂಧಿಸಿಲ್ಲ, ತಿಳಿಸಬೇಕು ಎಂದು ಬರೆದು ಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ಬಂದದ್ದು ನಿಯೋಜನೆಯ ಆದೇಶ. ವರ್ಷ ಮುಗಿಯುವವರೆಗೆ ನಾನು ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಮೇಡ್ಲೇರಿಯ ಆಚೆ ಹೊಳೆದಂಡೆಯ ಒಂದು ಶಾಲೆಯಲ್ಲಿ ಕೆಲಸ ಮಾಡಬೇಕು. ಅಲ್ಲಿ ಶಿಕ್ಷಕರ ಕೊರತೆ ಇದೆಯಂತೆ. ಎರಡು ಬಸ್ಸು ಬದಲಿಸಿ ಹೋಗಿ ನೋಡಿದರೆ ಸಮಾಜ ವಿಜ್ಞಾನದವರು ಒಬ್ಬರು ಆಗಲೇ ಅಲ್ಲಿದ್ದರು. ನನ್ನನ್ನು ನೋಡಿ ಅವರಿಗೂ ಮುಜುಗರ. ನಾವಿಬ್ಬರೂ ಆ ವರ್ಷ ಒಂದೇ ತರಗತಿಯನ್ನು ಹಂಚಿಕೊಂಡು ಪಾಠ ಮಾಡಿದೆವು.

ಫೆಬ್ರುವರಿಯ ಒಂದು ಭಾನುವಾರ ಹುಡುಗಿಯ ತಾಯಿ ನನ್ನ ಮನೆ ಹುಡುಕಿಕೊಂಡು ಹಾವೇರಿಗೆ ಬಂದಳು. ಒಳಗೆ ಕರೆದು ನೀರು ಕೊಟ್ಟೆ. ಬೈದರೆ ಬೈಸಿಕೊಳ್ಳಬೇಕು, ಅವಳ ಕೂಲಿ ಹೋದದ್ದು ನನ್ನ ಪಾಠದಿಂದಲೇ ಎಂದುಕೊಂಡೆ. ಅವಳು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅಕ್ಕಾರ, ನಾ ಜಗಳಕ್ಕ ಬಂದಿಲ್ಲ. ನನಗ ಬ್ಯಾಡಗ್ಯಾಗ ಬೇರೆದವರ ಹತ್ರ ಕೆಲಸ ಸಿಕ್ಕೈತಿ. ನನ್ನ ಮಗಳು ಕೇಳಿದ್ದನ್ನ ಆ ಬುಕ್ಕಿನ್ಯಾಗ ಬರದಾರೋ ಇಲ್ಲೋ, ಅದಷ್ಟು ನೋಡಬೇಕಾಗೇತಿ. ಹೆಂಗ ಕೇಳಬೇಕು ಹೇಳ್ರಿ.”

ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟೆ. ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ತಿಂಗಳ ನಂತರ ನಡಾವಳಿಯ ನಕಲು ಬಂತು. ಕಂಪೌಂಡು ಇತ್ತು, ನಲ್ಲಿ ಇತ್ತು, ಬೀದಿದೀಪ ಇತ್ತು. ನಮ್ಮ ಹೈಸ್ಕೂಲಿನ ಮುಂದೆ ಹೀಗೆ ಬರೆದಿತ್ತು: ವಿದ್ಯಾರ್ಥಿಗಳು ಶಾಲೆಯ ಸೌಲಭ್ಯಗಳ ಬಗ್ಗೆ ಸಂತೋಷ ವ್ಯಕ್ತಪಡಿಸಿದರು.

ನಾನು ಅದನ್ನು ಓದಿ ಹೇಳಿದಾಗ ಆ ತಾಯಿ ಹಾಳೆಯನ್ನು ತನ್ನ ಕೈಗೆ ತೆಗೆದುಕೊಂಡಳು. “ಇಷ್ಟ ಮಂದಿ ಎದುರಿಗೆ ಹೇಳಿದ್ದನ್ನ ಹಿಂಗ ಬರೀಬಹುದೇನ್ರಿ?” ಎಂದಳು.

ಅವಳು ಆ ನಕಲು ಹಿಡಿದು ಹುಡುಗಿಯರ ತಾಯಂದಿರನ್ನು ಕೂಡಿಸಿದಳು. ಒಂಬತ್ತು ಜನ ಬ್ಯಾಡಗಿಗೆ ಹೋಗಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತರು. ಸಾಹೇಬರು ಊಟಕ್ಕೆ ಹೋದರೂ ಏಳಲಿಲ್ಲ, ಬಂದರೂ ಏಳಲಿಲ್ಲ. ಮೂರು ದಿನಗಳಲ್ಲಿ ಒಬ್ಬ ಅಧಿಕಾರಿ ಶಾಲೆಗೆ ಬಂದರು. ಅವರು ಬರುವ ಹಿಂದಿನ ದಿನವೇ ತಾಡಪಾಲು ಎದ್ದಿತ್ತು. ಹೆಡ್‌ಮಾಸ್ತರರು ನನಗೆ ಫೋನು ಮಾಡಿ, “ಗ್ರೌಂಡು ಖಾಲಿ ಆತ್ರಿ ಮೇಡಂ, ಎಲ್ಲಾ ಸುಸೂತ್ರ ಮುಗೀತು” ಎಂದರು. ನಾನು ಮೇಡ್ಲೇರಿಯ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತಿದ್ದೆ. ಸುಸೂತ್ರ ಎಂಬ ಪದ ಕೇಳಿ ಫೋನು ಇಟ್ಟುಬಿಟ್ಟೆ.

ಜೂನಿನಲ್ಲಿ ನನ್ನನ್ನು ಹಳೆಯ ಶಾಲೆಗೆ ಕಳಿಸಿದರು. ನೋಟೀಸನ್ನು ಹಿಂದೆಗೆದುಕೊಳ್ಳಲಿಲ್ಲ. ಮೂರು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಬಯಲಿನಲ್ಲಿ ಖೋಖೋ ಕಂಬಗಳು ಮತ್ತೆ ನಿಂತಿದ್ದವು. ಹುಡುಗಿ ಹತ್ತನೆಯ ತರಗತಿಗೆ ಬಂದಿದ್ದಳು. ಓದಿನಲ್ಲಿ ಚುರುಕು, ಆಟದಲ್ಲೂ ಹಾಗೆಯೇ. ಆದರೆ ನನ್ನ ತರಗತಿಯಲ್ಲಿ ಕೈ ಎತ್ತುವುದನ್ನು ನಿಲ್ಲಿಸಿದ್ದಳು. ಮುಂದಿನ ಗ್ರಾಮಸಭೆಯ ಸುದ್ದಿ ಬಂದಾಗ ಕರೆದು ಕೇಳಿದೆ.

“ನಾ ಒಲ್ಲೆರಿ ಟೀಚರ್. ಅವ್ವಗ ಈಗ ಸಿಕ್ಕ ಕೆಲಸನೂ ಹೋಗೋದು ಬ್ಯಾಡ್ರಿ.”

ಎಲ್ಲರೂ ನನಗೆ, ಬಯಲು ಖಾಲಿಯಾಯಿತಲ್ಲ, ಗೆದ್ದಿರಲ್ಲ ಎನ್ನುತ್ತಾರೆ. ಹದಿನೈದು ವರ್ಷಕ್ಕೇ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ನಾನು ಯಾವ ಗೆಲುವನ್ನು ಆಚರಿಸಲಿ? ಅವಳನ್ನು ಒತ್ತಾಯಿಸುವ ಅಧಿಕಾರ ನನಗಿರಲಿಲ್ಲ. ಹಿಂದಿನ ವರ್ಷ ಕೊಟ್ಟ ಭರವಸೆಯನ್ನು ಇನ್ನೊಮ್ಮೆ ಕೊಡುವ ಮುಖವೂ ಇರಲಿಲ್ಲ.

ಆ ವರ್ಷದ ಸಭೆಗೆ ಬೇರೆ ಮಕ್ಕಳನ್ನು ಕರೆದುಕೊಂಡು ಹೋದೆ. ಒಬ್ಬೊಬ್ಬರೇ ಎದ್ದು ಗ್ರಂಥಾಲಯ, ಬಸ್ಸಿನ ವೇಳೆ, ಕುಡಿಯುವ ನೀರು ಕೇಳಿದರು. ಹೋದ ಸಲದ ಕಾರ್ಯದರ್ಶಿಯೇ ಕೂತಿದ್ದರು. ಅವರ ಬೆರಳ ನಡುವೆ ಪೆನ್ನಿತ್ತು, ಹಾಳೆ ಖಾಲಿಯಿತ್ತು. ನಾನು ಹಿಂದಿನ ಸಾಲಿನಿಂದ ಎದ್ದು ಹೋಗಿ ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

“ಏನ್ರಿ ಮೇಡಂ?” ಎಂದರು.

“ಏನಿಲ್ಲ, ಬರೀರಿ. ನಾ ನೋಡಾಕ ಕುಂತೇನಿ.”

ಮೆಂಬರರು ವೇದಿಕೆಯಿಂದ ನಮ್ಮನ್ನೇ ನೋಡುತ್ತಿದ್ದರು. ಕಾರ್ಯದರ್ಶಿ ಒಮ್ಮೆ ಅವರ ಮುಖ ನೋಡಿ, ಒಮ್ಮೆ ನನ್ನ ಮುಖ ನೋಡಿ, ಬರೆಯತೊಡಗಿದರು. ಗ್ರಂಥಾಲಯ ಎಂಬುದನ್ನು ತಪ್ಪಾಗಿ ಬರೆದರು. ತಿದ್ದಿಸಿದೆ.