ಪುಟ್ಟಗೌರಮ್ಮ ಬಾಯಿ ಕಟ್ಟಿದ್ದು

ಪುಟ್ಟಗೌರಮ್ಮನಿಗೆ ಊಟವೆಂದರೆ ಪ್ರೀತಿ. ಆ ಪ್ರೀತಿಯನ್ನು ಆಕೆ ಯಾರೆದುರಿಗೂ ಮುಚ್ಚಿಟ್ಟವಳಲ್ಲ. ನಾಗಮಂಗಲದ ಕಡೆಯ ಬೆದ್ದಲು ಹೊಲದ ಮನೆಯಲ್ಲಿ ಹುಟ್ಟಿದವಳು. ರಾಗಿ ಕೊಯ್ದು ಬಂದ ಮಧ್ಯಾಹ್ನ ಗಂಡಾಳುಗಳ ಸಮಕ್ಕೆ ಕೂತು ಮುದ್ದೆ ಮುರಿದು, ಹುರುಳಿಕಾಳಿನ ಬಸ್ಸಾರಿಗೆ ಅದ್ದಿ ನುಂಗುತ್ತಿದ್ದವಳು. “ದುಡಿಯೋಳು ಉಣ್ಣಾಕೆ ನಾಚ್ಕೋಬಾರ್ದು ಕಣಮ್ಮಿ” ಎಂದು ಅವಳಪ್ಪ ಮುದ್ದಯ್ಯ ತಾನೇ ಮುಂದೆ ನಿಂತು ಸಾರು ಬಿಡಿಸುತ್ತಿದ್ದ.

ಪಾಂಡವಪುರದ ಹತ್ತಿರ, ನಾಲೆ ಬಯಲಿನ ಊರೊಂದಕ್ಕೆ ಮರಿಸ್ವಾಮಿಯ ಹೆಂಡತಿಯಾಗಿ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಗದ್ದೆ, ಕಬ್ಬು, ಕೊಟ್ಟಿಗೆ ತುಂಬ ಹಸು, ಒಂದು ಎಮ್ಮೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದವಳು ಸಂಜೆ ಹುಲ್ಲಿನ ಹೊರೆ ಇಳಿಸುವವರೆಗೂ ಕೂರುತ್ತಿರಲಿಲ್ಲ. ಅತ್ತೆ ಚಲುವಮ್ಮ ನಾಲಿಗೆ ಬಿಗಿ ಇಲ್ಲದ ಹೆಂಗಸಾದರೂ ಸೊಸೆಯ ಕೆಲಸಕ್ಕೆ ಮಾತ್ರ ಹೆಸರಿಟ್ಟವಳಲ್ಲ. ಪುಟ್ಟಗೌರಮ್ಮನ ಒಬ್ಬಳೇ ಮಗಳು ರಂಜಿತ ಪಿಯುಸಿ ಮುಗಿಸಿದ್ದಳು. ನಾಗಮಂಗಲದ ತಾಲ್ಲೂಕು ಕಚೇರಿಯ ಗುಮಾಸ್ತ ದೇವರಾಜುವಿಗೆ ಅವಳನ್ನು ಕೊಟ್ಟಿದ್ದರು.

ಮಗಳ ಮದುವೆಯಾದ ವರ್ಷವೇ, ತೊಂಬತ್ಮೂರರಲ್ಲಿ, ಕಬ್ಬಿನ ಕೂಳೆ ಚುಚ್ಚಿ ಪುಟ್ಟಗೌರಮ್ಮನ ಪಾದಕ್ಕೆ ಗಾಯವಾಯಿತು. ಅರಿಸಿನ ಹಚ್ಚಿದರು, ಮುಲಾಮು ಹಚ್ಚಿದರು, ಗಾಯ ಮಾಯಲಿಲ್ಲ. ಪಾಂಡವಪುರದ ಡಾಕ್ಟರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು.

“ಬೇರೆಯವರು ಅನ್ನ ಬಿಟ್ಟು ಮುದ್ದೆ ತಿನ್ನಿ ಅಂತ ಹೇಳಬಹುದು. ನಾನು ಹೇಳೋದು ಎರಡನ್ನೂ ಬಿಡಿ ಅಂತ. ಬೆಲ್ಲ ಬೇಡ, ಆಲೂಗೆಡ್ಡೆ ಬೇಡ, ಬಾಳೆಹಣ್ಣು ಬೇಡ. ಸೊಪ್ಪು, ತರಕಾರಿ, ಮೊಳಕೆಕಾಳು, ಮೊಟ್ಟೆ, ಮಜ್ಜಿಗೆ ಇಷ್ಟೇ. ಬಾಯಿ ಕಟ್ಟಬೇಕು ಕಣಮ್ಮ. ತೂಕ ಇಳಿದ್ರೆ ಸಕ್ಕರೆ ತಾನಾಗೇ ಇಳಿಯುತ್ತೆ.”

ಪುಟ್ಟಗೌರಮ್ಮ ಬಾಯಿ ಕಟ್ಟಿದಳು. ಮಾತಿಗೆ ಕಟ್ಟಿದ್ದಲ್ಲ, ನಿಜವಾಗಿಯೇ. ಮನೆಯವರಿಗೆ ಎರಡು ಹೊತ್ತೂ ಮುದ್ದೆ ತೊಳಸುವವಳು ಅವಳೇ. ಹಿಟ್ಟಿನ ಕೋಲು ತಿರುವುವಾಗ ಮುಖಕ್ಕೆ ಹೊಡೆಯುವ ಆ ಬಿಸಿ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಎಲ್ಲರಿಗೂ ಬಡಿಸಿ, ತಾನು ಒಂದು ಬಟ್ಟಲು ಬೇಯಿಸಿದ ಹೀರೇಕಾಯಿ, ಒಂದು ಹಿಡಿ ಮೊಳಕೆಹುರುಳಿ ಇಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ಹಬ್ಬದ ದಿನ ಒಬ್ಬಟ್ಟು ತಟ್ಟುವಾಗ ಹೂರಣದ ರುಚಿ ನೋಡಲು ಪಕ್ಕದ ಮನೆಯವರನ್ನು ಕರೆದಳು. ನಾಲ್ಕೈದು ತಿಂಗಳಲ್ಲಿ ರವಿಕೆ ಸಡಿಲವಾಯಿತು, ಗಾಯ ಒಣಗಿತು. ಡಾಕ್ಟರು ಬೇರೆ ರೋಗಿಗಳ ಮುಂದೆಯೇ ಹೊಗಳಿದರು. ಆ ದಿನ ಬಸ್ಸಿನಲ್ಲಿ ಬರುವಾಗ ಅವಳಿಗೆ ತಾನು ಏನನ್ನೋ ಗೆದ್ದೆ ಅನ್ನಿಸಿತ್ತು.

ಕಾಡುತ್ತ ಉಳಿದದ್ದು ಮಂಡಿನೋವು ಒಂದೇ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತರೆ ಏಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಕೆ.ಆರ್. ಪೇಟೆಯ ಸಂತೆಗೆ ದನ ನೋಡಲು ಹೋಗಿದ್ದ ಮರಿಸ್ವಾಮಿ ಬರುವಾಗ ಕಾಗದದ ಪೊಟ್ಟಣಗಳನ್ನು ತಂದ. ಸಂತೆ ಮಾಳದ ಪಕ್ಕ ಒಬ್ಬ ಪಂಡಿತ ಕೂರುತ್ತಾನಂತೆ, ಜನ ಸಾಲುಗಟ್ಟಿ ನಿಲ್ಲುತ್ತಾರಂತೆ.

“ಬರೀ ಗಿಡಮೂಲ್ಕೆ ಕಣಮ್ಮಿ. ಜೇನುತುಪ್ಪದಲ್ಲಿ ಬೇಡ ನಿಂಗೆ, ಬಿಸ್ನೀರಲ್ಲಿ ಕುಡಿ. ಇಂಗ್ಲೀಸ್ ಡಾಕ್ಟ್ರುಗೆ ಮಾತ್ರ ಯೋಳ್ಬೇಡ. ಅವ್ರಿಗೆ ನಾಟಿ ಔಸ್ದಿ ಕಂಡ್ರೆ ಆಗಾಕಿಲ್ಲ.”

ಒಂದು ವಾರದೊಳಗೆ ನೋವು ಹೋಯಿತು. ಹೋಯಿತೆಂದರೆ ಹೇಳಹೆಸರಿಲ್ಲದ ಹಾಗೆ ಹೋಯಿತು. ಪುಟ್ಟಗೌರಮ್ಮ ಹುಡುಗಿಯ ಹಾಗೆ ಕೂತೆದ್ದು ಹಾಲು ಕರೆದಳು. ಗಂಡ ತನಗಾಗಿ ಸಾಲಿನಲ್ಲಿ ನಿಂತು ಔಷಧಿ ತಂದನಲ್ಲ ಎಂದು ಅವಳ ಮನಸ್ಸು ತುಂಬಿ ಬಂತು. ಅಂದಿನಿಂದ ಆ ಪುಡಿ ತಪ್ಪಲಿಲ್ಲ. ಮುಗಿಯುವಷ್ಟರಲ್ಲಿ ಮರಿಸ್ವಾಮಿ ಮತ್ತೆ ತರುತ್ತಿದ್ದ.

ಮೈ ತುಂಬಿಕೊಳ್ಳತೊಡಗಿದ್ದು ಆಮೇಲೆ. ಮೊದಲು ಮುಖ. ಕೆನ್ನೆ ಉಬ್ಬಿ, ಕಣ್ಣು ಸಣ್ಣದಾಗಿ, ಮುಖ ತಟ್ಟೆಯಂತಾಯಿತು. ಆಮೇಲೆ ಹೊಟ್ಟೆ. ಸಡಿಲವಾಗಿದ್ದ ರವಿಕೆಗೆ ಗುಂಡಿ ಹಾಕಲಾಗದೆ ಪಿನ್ನು ಚುಚ್ಚಿಕೊಂಡಳು. ಕತ್ತಿನ ಹಿಂದೆ ಒಂದು ಮಾಂಸದ ಗುಡ್ಡೆ ಎದ್ದಿತು. ಕೈಕಾಲು ಮಾತ್ರ ಕಡ್ಡಿಯಾಗುತ್ತ ಹೋದವು. ಹಸಿವೂ ಹಿಂದೆಂದೂ ಕಾಣದ ಹಸಿವು. ಸೌತೆಕಾಯಿ ಕಡಿದು, ನೀರುಮಜ್ಜಿಗೆ ಕುಡಿದು ಅದನ್ನು ಅದುಮಿದಳು. ಶ್ರೀರಂಗಪಟ್ಟಣದ ನಾದಿನಿಯ ಮನೆಗೆ ಹೋದಾಗ ರೈಲ್ವೆ ಸ್ಟೇಷನ್ನಿನ ತೂಕದ ಮೆಷಿನ್ನಿನ ಮೇಲೆ ನಿಂತಳು. ಬಿದ್ದ ಚೀಟಿಯ ಒಂದು ಕಡೆ, ಕಾಯಿಲೆ ಶುರುವಾದಾಗ ಇದ್ದದ್ದಕ್ಕಿಂತ ಹನ್ನೆರಡು ಕೆ.ಜಿ. ಹೆಚ್ಚು. ಇನ್ನೊಂದು ಕಡೆಯ ಭವಿಷ್ಯವನ್ನು ನಾದಿನಿ ಓದಿ ಹೇಳಿದಳು: “ನಿಮ್ಮ ಮಾತಿಗೆ ಎಲ್ಲರೂ ಬೆಲೆ ಕೊಡುವರು.”

ಡಾಕ್ಟರು ಬೆಲೆ ಕೊಡಲಿಲ್ಲ. ರಕ್ತದಲ್ಲಿ ಸಕ್ಕರೆ ಮೊದಲಿಗಿಂತ ಏರಿತ್ತು.

“ಏನಮ್ಮಾ, ಮತ್ತೆ ಶುರು ಹಚ್ಕೊಂಡ್ರಾ?”

“ಇಲ್ಲ ಸಾರ್, ದೇವ್ರಾಣೆ. ಅನ್ನದ ಒಂದಗುಳು ಬಾಯ್ಗೆ ಇಟ್ಟಿಲ್ಲ.”

“ಗಾಳಿ ಕುಡಿದು ಯಾರೂ ದಪ್ಪ ಆಗೋದಿಲ್ಲ” ಎಂದು ಡಾಕ್ಟರು ಮರಿಸ್ವಾಮಿಯ ಕಡೆ ತಿರುಗಿ ನಕ್ಕರು. “ಸ್ವಲ್ಪ ಅಡುಗೆಮನೆ ಕಡೆ ಕಣ್ಣಿಡಿ ಯಜಮಾನ್ರೇ.”

ಪುಡಿಯ ಮಾತು ಅವಳ ನಾಲಿಗೆಯ ತುದಿಗೂ ಬರಲಿಲ್ಲ. ನೋವು ಕಳೆದ ಔಷಧಿಯ ಮೇಲೆ ಯಾರು ಸಂಶಯಪಡುತ್ತಾರೆ?

ಕಣ್ಣಿಡುವ ಕೆಲಸವನ್ನು ಚಲುವಮ್ಮ ವಹಿಸಿಕೊಂಡಳು. ಸೊಸೆ ಒಲೆಯ ಮುಂದೆ ಕೂತರೆ ಅತ್ತೆ ಬಾಗಿಲಲ್ಲಿ ಕೂತಳು. ನೀರು ಕುಡಿಯಲು ಎದ್ದರೆ, “ಏನ್ ತಕ್ಕೊಂಡೆ?” ಎಂದಳು. ಡೈರಿಯ ಮುಂದೆ ಹೆಂಗಸರಿಗೆ, “ನಮ್ಮೆದ್ರಿಗೆ ಸೊಪ್ಪು, ಹಿಂದ್ಗಡೆ ಏನೋ ಯಾರಿಗ್ಗೊತ್ತು. ಮೊಗ ನೋಡಿ, ಬೀಗ್ರೂಟ ಉಂಡಂಗಿಲ್ವಾ?” ಎಂದಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಗೌರಿ ಹಬ್ಬದ ಮಾರನೆಯ ದಿನ ಡಬ್ಬದಲ್ಲಿದ್ದ ಒಬ್ಬಟ್ಟು ಕಡಿಮೆಯಾಗಿತ್ತು. ಯಾರು ತಿಂದರೋ, ಬಂದು ಹೋಗುವ ಮನೆ. ಮರಿಸ್ವಾಮಿ ಕೂಗಾಡಲಿಲ್ಲ. ಪೇಟೆಯಿಂದ ಹೊಸ ಬೀಗ ತಂದು ಅಡುಗೆಮನೆಯ ಪಕ್ಕದ ಕೋಣೆಗೆ ಹಾಕಿದ. ಹಿಟ್ಟು, ಅಕ್ಕಿ, ಬೆಲ್ಲ ಎಲ್ಲ ಅದರೊಳಗೆ. ಬೀಗದ ಕೈಯನ್ನು ತಾಯಿಯ ಸೊಂಟಕ್ಕೆ ಸಿಕ್ಕಿಸಿದ.

“ನಿನ್ ಒಳ್ಳೇದುಕ್ಕೇ ಕಣಮ್ಮಿ” ಎಂದ.

ಅಂದಿನಿಂದ ಪುಟ್ಟಗೌರಮ್ಮ ತನ್ನ ಮನೆಯಲ್ಲಿ ಮುದ್ದೆಗೆ ಹಿಟ್ಟು ಬೇಕಾದರೆ ಅತ್ತೆಯ ಮುಂದೆ ಬೋಗುಣಿ ಹಿಡಿದು ನಿಲ್ಲಬೇಕಾಯಿತು. ಚಲುವಮ್ಮ ಅಳೆದು ಹಾಕುತ್ತಿದ್ದಳು. ಮುದ್ದೆ ಕಟ್ಟಿದ ಮೇಲೆ ಬಂದು ನೋಡುತ್ತಿದ್ದಳು.

ರಂಜಿತಳ ಸೀಮಂತಕ್ಕೆ ನಾಗಮಂಗಲಕ್ಕೆ ಹೋದರು. ಬೀಗರ ಕಡೆಯ ಹೆಂಗಸೊಬ್ಬಳು ಏನೂ ಅರಿಯದೆ ಪುಟ್ಟಗೌರಮ್ಮನ ಎಲೆಗೆ ಅನ್ನ ಬಡಿಸಲು ಬಂದಳು. ಅವಳು ಕೈ ಅಡ್ಡ ಇಟ್ಟು ಬೇಡ ಎನ್ನುವಷ್ಟರಲ್ಲಿ ಎದುರು ಪಂಕ್ತಿಯಿಂದ ಚಲುವಮ್ಮನ ದನಿ ಬಂತು. “ಎಲೆ ಮ್ಯಾಲೆ ಇಕ್ಕುದ್ರೆ ಅವ್ಳು ಉಣ್ಣಾಕಿಲ್ಲ ಬುಡವ್ವಾ. ಅವ್ಳುದು ಕತ್ತಲೆ ಊಟ.” ಇಡೀ ಪಂಕ್ತಿ ತಿರುಗಿ ನೋಡಿತು. ಬಸುರಿ ಮಗಳು ಹೂವು ಮುಡಿದ ತಲೆ ತಗ್ಗಿಸಿದಳು. ಕೈ ತೊಳೆಯುವಾಗ ಹತ್ತಿರ ಬಂದು, “ಅವ್ವಾ, ಆಸೆ ಆದ್ರೆ ನಂಗಾದ್ರೂ ಯೋಳು, ಬೈಯಾಕಿಲ್ಲ” ಎಂದಳು. ಪುಟ್ಟಗೌರಮ್ಮನಿಗೆ ಅತ್ತೆಯ ಮಾತಿಗಿಂತ ಈ ಮಾತೇ ಆಳಕ್ಕೆ ಇಳಿಯಿತು.

ಊರಿಗೆ ಮರಳಿದ ಮಾರನೆಯ ದಿನ ಕೊಟ್ಟಿಗೆಯಲ್ಲಿ ಒಬ್ಬಳೇ ಇದ್ದಳು. ಎಮ್ಮೆಯ ಕಲಗಚ್ಚಿಗೆಂದು ತೆಗೆದಿಟ್ಟ ತಂಗಳು ಮುದ್ದೆ ಬಕೆಟ್ಟಿನ ಪಕ್ಕದಲ್ಲಿತ್ತು. ಹಸಿವಿತ್ತು ನಿಜ. ಆದರೆ ಅವಳ ಕೈಯನ್ನು ಅತ್ತ ಒಯ್ದದ್ದು ಹಸಿವಲ್ಲ, ಸಿಟ್ಟು. ತಿನ್ನದೆಯೇ ಕಳ್ಳಿಯಾಗಿದ್ದೀನಿ, ತಿಂದರೆ ಇನ್ನೇನಾಗುತ್ತದೆ? ಮುದ್ದೆ ಎತ್ತಿಕೊಂಡಳು. ಸಾರಿಲ್ಲ, ಉಪ್ಪಿಲ್ಲ. ಒಣಗಿ ಗಟ್ಟಿಯಾಗಿದ್ದ ಅದನ್ನು ಗಂಟಲಿಗೆ ತುರುಕಿಕೊಂಡು ನುಂಗುತ್ತ, ಅಳುತ್ತ, ಮತ್ತೆ ನುಂಗುತ್ತ ನಿಂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮರಿಸ್ವಾಮಿ.

“ಈಗೇನಂತೀಯಾ?” ಎಂದ. ಅಷ್ಟೇ ಎಂದ.

ಇಷ್ಟು ಕಾಲದ ಉಪವಾಸಕ್ಕೆ ಒಬ್ಬ ಸಾಕ್ಷಿಯೂ ಇರಲಿಲ್ಲ. ಆ ಒಂದು ಮುದ್ದೆಗೆ ಊರೆಲ್ಲ ಸಾಕ್ಷಿಯಾಯಿತು. ಎಮ್ಮೆ ಮುದ್ದೆ ಕದ್ದವಳು ಎಂಬ ಹೆಸರು ಡೈರಿಯಿಂದ ಬಸ್‌ಸ್ಟಾಪಿನವರೆಗೂ ಹೋಯಿತು. ಪುಟ್ಟಗೌರಮ್ಮ ವಾದಿಸುವುದನ್ನು ನಿಲ್ಲಿಸಿದಳು. ಕೆಲವು ಸಲ ತನ್ನ ಮೇಲೇ ತನಗೆ ಅನುಮಾನ ಬರುತ್ತಿತ್ತು. ನಿದ್ದೆಗಣ್ಣಲ್ಲಿ ಎದ್ದು ತಿನ್ನುತ್ತಿದ್ದೀನೇನೋ, ತಿಂದು ಮರೆಯುತ್ತಿದ್ದೀನೇನೋ ಎಂದು ಬೆಳಗ್ಗೆ ಎದ್ದು ತನ್ನ ಬೆರಳುಗಳನ್ನು ಮೂಸಿ ನೋಡಿಕೊಳ್ಳುತ್ತಿದ್ದಳು.

ತೊಂಬತ್ತೈದರ ಬೇಸಿಗೆಯಲ್ಲಿ ಹಟ್ಟಿಯ ಮುಂದೆ ಸಗಣಿ ತೊಪ್ಪೆಯ ಮೇಲೆ ಕಾಲು ಜಾರಿ ಕೂತಳು. ಬಿದ್ದದ್ದು ಅಂಥಾ ಜೋರಾಗೇನಲ್ಲ. ಆದರೆ ಏಳಲಾಗಲಿಲ್ಲ, ಸೊಂಟದ ಮೂಳೆ ಮುರಿದಿತ್ತು. ಅಳಿಯ ದೇವರಾಜು ಜೀಪು ಮಾಡಿಕೊಂಡು ಬಂದು ಆದಿಚುಂಚನಗಿರಿಯ ಕಡೆಯ ದೊಡ್ಡಾಸ್ಪತ್ರೆಗೆ ಸೇರಿಸಿದ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಮುರಿದ ಮೂಳೆಯ ಜೊತೆಗೆ ಉಳಿದ ಮೈಯನ್ನೂ ನೋಡಿದರು. ಕತ್ತಿನ ಗುಡ್ಡೆ ಮುಟ್ಟಿದರು. ಹೊಟ್ಟೆಯ ಮೇಲಿನ ನೇರಳೆ ಬರೆಗಳನ್ನೂ, ಮುಟ್ಟಿದರೆ ಕಂದುವ ತೋಳಿನ ತೊಗಲನ್ನೂ ನೋಡಿದರು.

“ಸಕ್ಕರೆ ಮಾತ್ರೆ ಬಿಟ್ಟು ಬೇರೆ ಏನು ತಗೋತಿದೀರಿ?”

“ಏನಿಲ್ಲ ತಾಯಿ. ಸೊಪ್ಪು ತಿಂತೀನಿ.”

“ತಿನ್ನೋದು ಕೇಳ್ತಿಲ್ಲಮ್ಮ. ನೋವಿಗೆ, ನಿದ್ದೆಗೆ, ಯಾವುದಕ್ಕಾದ್ರೂ?”

ಹಾಸಿಗೆಯ ಪಕ್ಕ ನಿಂತಿದ್ದ ರಂಜಿತ ಅಮ್ಮನ ಚೀಲದಿಂದ ಮಂಡಿನೋವಿನ ಪುಡಿಯ ಪೊಟ್ಟಣ ತೆಗೆದು ಕೊಟ್ಟಳು. ಡಾಕ್ಟರು ಪುಡಿಯನ್ನು ಅಂಗೈ ಮೇಲೆ ಸುರಿದು ನೋಡಿ, ಇಂಥದ್ದನ್ನು ತಾವು ಮೊದಲೂ ಕಂಡಿರುವುದಾಗಿ ಹೇಳಿದರು. ಬೇರಿನ ಪುಡಿಗೆ ಸ್ಟೆರಾಯ್ಡ್ ಮಾತ್ರೆ ಅರೆದು ಬೆರೆಸುತ್ತಾರೆ. ನೋವು ನಿಲ್ಲುತ್ತದೆ; ಮುಖ ಊದುತ್ತದೆ, ಹೊಟ್ಟೆ ಬೆಳೆಯುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಒಮ್ಮೆಗೇ ಬಿಟ್ಟರೂ ಅಪಾಯ, ಮೆಲ್ಲಗೆ ಬಿಡಿಸಬೇಕು.

“ಅಂಗಾದ್ರೆ ಉಂಡಿದ್ದುಕ್ಕೆ ಅಲ್ವಾ?” ಎಂದು ಪುಟ್ಟಗೌರಮ್ಮ ಕೇಳಿದಳು.

“ಅಲ್ಲಮ್ಮ. ನೀವು ಪಥ್ಯ ಮಾಡಿದ್ದು ನಿಜ. ಈ ಪುಡಿ ಎದುರಿಗೆ ಯಾವ ಪಥ್ಯವೂ ನಿಲ್ಲೋದಿಲ್ಲ.”

ರಂಜಿತ ಅಮ್ಮನ ಕಾಲಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಮರಿಸ್ವಾಮಿ ಕಿಟಕಿಯ ಹೊರಗೆ, ಬಂದು ನಿಲ್ಲುತ್ತಿದ್ದ ಬಸ್ಸುಗಳನ್ನು ನೋಡುತ್ತ ನಿಂತ. ಡಾಕ್ಟರು ಹೋದ ಮೇಲೆ ತಿರುಗಿದ. “ಇಸ ಅಂತ ಗೊತ್ತಿದ್ದು ತಂದ್ನಾ ನಾನು? ನಿನ್ ನೋವು ನೋಡ್ನಾರ್ದೆ ತಂದೆ” ಎಂದ.

“ಪುಡಿಗೆ ನಾನು ನಿಮ್ಮನ್ನ ಏನೂ ಅನ್ನಾಕಿಲ್ಲ” ಎಂದಳು ಪುಟ್ಟಗೌರಮ್ಮ. “ಬೀಗಕ್ಕೆ ಏನ್ ಯೋಳ್ತೀರಾ?”

ಮರಿಸ್ವಾಮಿ ಟೀ ತರುತ್ತೇನೆಂದು ಹೊರಗೆ ಹೋದ.

ಮನೆಗೆ ಬರುವಷ್ಟರಲ್ಲಿ ಬೀಗ ಹೋಗಿತ್ತು. ಯಾವಾಗ ತೆಗೆದರು, ಯಾರು ತೆಗೆದರು, ಒಬ್ಬರೂ ಹೇಳಲಿಲ್ಲ. ಚಲುವಮ್ಮ, “ನಾನೇನು ಡಾಕ್ಟ್ರಾ? ಕಣ್ಗೆ ಕಂಡುದ್ದ ಅಂದೆ” ಎಂದಳು. ಊರಲ್ಲಿ ತಾನು ಆಡಿದ ಮಾತುಗಳನ್ನು ಅವಳು ಮನೆಮನೆಗೆ ಹೋಗಿ ವಾಪಸು ತರಲಿಲ್ಲ.

ಕೋಲೂರಿ ನಡೆಯುವಂತಾದ ಮೇಲೆ ಪುಟ್ಟಗೌರಮ್ಮ ಯಾರಿಗೂ ಹೇಳದೆ ಸಂತೆಯ ದಿನ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದಳು. ಪಂಡಿತ ಗೋಣಿತಾಟಿನ ನೆರಳಲ್ಲಿ, ಬೇರು ನಾರುಗಳನ್ನು ಹರಡಿಕೊಂಡು ಕೂತಿದ್ದ. ಮುಂದೆ ಹೆಂಗಸರ ಸಾಲು. ಎಲ್ಲರೂ ಗದ್ದೆಯಲ್ಲಿ ಬಗ್ಗಿ ಬಗ್ಗಿ ಮಂಡಿ ಸವೆಸಿಕೊಂಡವರು. ಅವಳು ಸಾಲಿನ ಪಕ್ಕ ನಿಂತು ದನಿಯೆತ್ತಿದಳು.

“ತಕ್ಕೋಬೇಡಿ ಕಣ್ರವ್ವಾ. ಇದ್ರೊಳಗೆ ಇಂಗ್ಲೀಸ್ ಮಾತ್ರೆ ಅರೆದು ಬೆರ್ಸವ್ನೆ. ನನ್ ಮೈ ನೋಡಿ. ಅನ್ನ ಇಲ್ಲ, ಮುದ್ದೆ ಇಲ್ಲ, ಆದ್ರೂ ಇಂಗಾದೆ. ಮೂಳೆ ಮುರೀತು.”

ಹೆಂಗಸರು ಅವಳ ಮೈ ನೋಡಿದರು. ಊದಿದ ಕೆನ್ನೆಯನ್ನು, ಸೀರೆಗೆ ನಿಲ್ಲದ ಹೊಟ್ಟೆಯನ್ನು. ಪಂಡಿತ ಸಿಟ್ಟಾಗಲಿಲ್ಲ. ತಕ್ಕಡಿ ಕೆಳಗಿಟ್ಟು, “ಬಾಯಿ ಕಟ್ಟದೇ ಇರೋರ್ಗೆ ಔಸ್ದಿ ಏನ್ ಮಾಡ್ತದೆ ತಾಯಿ? ಉಣ್ಣೋದು ನೀವು, ದೂರು ನನ್ ಮ್ಯಾಲೆ” ಎಂದ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮುಂದೆ ನಿಂತಿದ್ದ, ಗೋವಿಂದನಹಳ್ಳಿಯ ಕಡೆಯವಳೆಂದು ಹೇಳಿಕೊಂಡ ಮುದುಕಿಯೊಬ್ಬಳು ಮಾತ್ರ ನಗದೆ ಕೇಳಿದಳು. “ಅದಿರ್ಲಿ ಮಗಾ, ನೋವು ಓಯ್ತಾ?”

ಪುಟ್ಟಗೌರಮ್ಮ ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದು ಒಂದು ಕ್ಷಣ ಅನ್ನಿಸಿತು ಕೂಡ.

“ಓಯ್ತು ಕಣವ್ವಾ” ಎಂದಳು.

“ಅಷ್ಟು ಸಾಕು” ಎಂದು ಮುದುಕಿ ತನ್ನ ಸರದಿಗೆ ಕೈ ಚಾಚಿದಳು.

ಪುಡಿಯನ್ನು ಡಾಕ್ಟರು ಹೇಳಿದಂತೆ, ಬದಲಿಗೆ ಮಾತ್ರೆ ಕೊಟ್ಟು ದಿನದಿನಕ್ಕೂ ಇಳಿಸಿ, ಬಿಡಿಸಿದರು. ಮಂಡಿನೋವು ಬಡ್ಡಿ ಸಮೇತ ಮರಳಿ ಬಂತು. ಅವಳು ಕೊಟ್ಟಿಗೆಯ ಕಡೆ ಹೋಗುವುದು ನಿಂತಿತು. ಹಸುಗಳಲ್ಲಿ ಎರಡನ್ನು ಮಾರಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಮುಖದ ಊತ ಇಳಿಯಿತು, ಕತ್ತಿನ ಗುಡ್ಡೆ ಕರಗಿತು, ಹೊಟ್ಟೆ ಬಾಡಿದ ಚೀಲದಂತೆ ಜೋತಿತು. ಸೊಪ್ಪು, ಹೀರೇಕಾಯಿ, ಮೊಳಕೆಕಾಳು ಮೊದಲು ಹೇಗೋ ಈಗಲೂ ಹಾಗೇ.

ರಂಜಿತಳ ಮಗುವಿನ ಮುಡಿ ತೆಗೆಸುವ ದಿನ ನೆಂಟರೆಲ್ಲ ಸೇರಿದ್ದರು. ಡೈರಿಯ ಮುಂದೆ ನಕ್ಕಿದ್ದ ಹೆಂಗಸರೇ ಪುಟ್ಟಗೌರಮ್ಮನನ್ನು ಕೂರಿಸಿಕೊಂಡು, ತೋಳು ಸವರಿ, ಮೆಚ್ಚಿಕೊಂಡು ಹೇಳಿದರು. “ಎಷ್ಟು ಇಳ್ದೋಗಿದ್ದೀಯೆ ಗೌರವ್ವಾ! ಈಗ ನೋಡು, ನಿಜವಾಗ್ಲೂ ಬಾಯಿ ಕಟ್ಟಿದ್ದೀಯ.”

ಚಲುವಮ್ಮ ಪಕ್ಕದಲ್ಲೇ ಇದ್ದಳು. ಮರಿಸ್ವಾಮಿ ಎಲೆ ಹಾಸುತ್ತಿದ್ದ. ಇಬ್ಬರಿಗೂ ಕೇಳಿಸಿತು. ಪುಟ್ಟಗೌರಮ್ಮ ಇಬ್ಬರ ಮುಖವನ್ನೂ ನೋಡಿದಳು, ಒಬ್ಬರಾದರೂ ಒಂದು ಮಾತು ಹೇಳುತ್ತಾರೇನೋ ಎಂದು. ಮರಿಸ್ವಾಮಿ ಎಲೆಗೆ ನೀರು ಚಿಮುಕಿಸುತ್ತ ಮುಂದಿನ ಸಾಲಿಗೆ ಹೋದ. ಅವಳು ಕೋಲೂರಿಕೊಂಡು ಎದ್ದು, ಮೊಮ್ಮಗು ಅಳುತ್ತಿದ್ದ ಕೋಣೆಯ ಕಡೆ ಮೆಲ್ಲಗೆ ನಡೆದಳು.