ಟ್ರಯಲ್ ಅಕ್ಕನ ಗಟ್ಟಿ ಹೊಲಿಗೆ

ಡ್ರೈವಿಂಗ್ ಮೇಷ್ಟ್ರ ಪ್ಯಾಂಟು ಜಾರಿದ್ದು ಆಸ್ಪತ್ರೆಯಲ್ಲಿ, ಲಿವರ್ ಡಾಕ್ಟರ ಕೋಣೆಯ ಬಾಗಿಲಲ್ಲೇ. ಒಂದು ಕೈಯಲ್ಲಿ ರಕ್ತಪರೀಕ್ಷೆಯ ಫೈಲು, ಇನ್ನೊಂದರಲ್ಲಿ ಮಾತ್ರೆಯ ಡಬ್ಬಿ. ಮೂರನೆಯ ಕೈಯನ್ನು ದೇವರು ಯಾರಿಗೂ ಕೊಟ್ಟಿಲ್ಲ. ಒಳಗಿದ್ದ ಕಿರಿಯ ಡಾಕ್ಟರುಗಳೆಲ್ಲ ಒಟ್ಟಿಗೇ ಕಿಟಕಿಯಾಚೆ ನೋಡತೊಡಗಿದರು. ಅಲ್ಲಿ ನೀರಿನ ಟ್ಯಾಂಕೊಂದನ್ನು ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

"ಮೊದಲು ಅದನ್ನ ಮೇಲೆತ್ಕೊಳ್ಳಿ ಮೇಷ್ಟ್ರೇ. ಲಿವರ್ ವಿಚಾರ ಆಮೇಲೆ ಮಾತಾಡೋಣ," ಎಂದರು ದೊಡ್ಡ ಡಾಕ್ಟರು.

ಸೊಂಟದ ಹೊಲಿಗೆ ಬಿಟ್ಟುಕೊಂಡಿತ್ತು. ಬಿಡದೆ ಏನು ಮಾಡೀತು, ಅದು ಬರೀ ಕಚ್ಚಾ ಹೊಲಿಗೆ. ಹಾಕಿದವಳು ಮೇಷ್ಟ್ರ ಒಡಹುಟ್ಟಿದ ಅಕ್ಕ. ಮೂರು ತಿಂಗಳ ಹಿಂದೆ ತನ್ನ ಲಿವರಿನ ಅರ್ಧಕ್ಕೂ ಹೆಚ್ಚು ಪಾಲನ್ನು ತಮ್ಮನಿಗೆ ಕೊಟ್ಟ ಈ ಪುಣ್ಯಾತ್ಗಿತ್ತಿಗೆ ಅವನ ಪ್ಯಾಂಟಿಗೊಂದು ಗಟ್ಟಿ ಹೊಲಿಗೆ ಕೊಡಲು ಮಾತ್ರ ಇನ್ನೂ ಮನಸ್ಸು ಬಂದಿರಲಿಲ್ಲ.

ಅಕ್ಕನದು ಮಾರ್ಕೆಟ್ಟಿನ ರಸ್ತೆಯಲ್ಲಿ, ಮೆಟ್ಟಿಲ ಕೆಳಗಿನ ಟೈಲರ್ ಅಂಗಡಿ. ಒಂದು ಮಿಷನ್ನು, ಒಂದು ಇಸ್ತ್ರಿ ಮೇಜು, ಎದ್ದು ನಿಂತರೆ ತಲೆಗೆ ತಾಗುವ ಬಲ್ಬು. ಗಿರಾಕಿಗಳು ಇಟ್ಟ ಹೆಸರು ಟ್ರಯಲ್ ಅಕ್ಕ. ಮೊದಲ ಸಲಕ್ಕೇ ಪೂರ್ತಿ ಹೊಲಿದ ಬಟ್ಟೆ ಆ ಅಂಗಡಿಯಿಂದ ಹೊರಬಿದ್ದ ಉದಾಹರಣೆಯೇ ಇಲ್ಲ. ಬಿಳಿ ನೂಲಿನಲ್ಲಿ ದೂರ ದೂರಕ್ಕೆ ಟಾಕು ಹಾಕಿ ಕೈಗಿಡುತ್ತಾಳೆ. "ಹಾಕ್ಕೊಂಡು ಕೂತು, ಎದ್ದು, ಊಟ ಮಾಡಿ ನೋಡಿ. ಮೈಗೆ ಒಗ್ಗಿದ್ರೆ ಗಟ್ಟಿ ಹೊಲಿಗೆ." ನಾಳೆಯೇ ಮದುವೆಯಿರುವ ಗಂಡಿಗೂ ಇದೇ ಕಾನೂನು.

ತಮ್ಮನಷ್ಟು ಕಷ್ಟದ ಗಿರಾಕಿ ಅವಳಿಗೆ ಇನ್ನೊಬ್ಬನಿಲ್ಲ. ಟೇಪು ಕಂಡರೆ ಸಾಕು, ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಬಿಡುವ ಚಾಳಿ. ಅದೇ ಹೊಟ್ಟೆ ಕೊನೆಗೆ ನೀರು ತುಂಬಿ ಕೊಡವಾಯಿತು, ಕಣ್ಣು ಹಳದಿಯಾಯಿತು. ಟೀ ಬಿಟ್ಟು ಬೇರೇನೂ ಕುಡಿದರಿಯದ ಮನುಷ್ಯನನ್ನು ಬೀದಿಯವರೆಲ್ಲ, "ಎಷ್ಟು ವರ್ಷದಿಂದ ಅಭ್ಯಾಸ?" ಎಂದು ಕನಿಕರದಿಂದ ವಿಚಾರಿಸಿಕೊಂಡರು. ಕೊಬ್ಬು ಸೇರಿ ಸೇರಿ ಲಿವರ್ ಕೆಟ್ಟಿದೆ, ಬೇರೆ ಹಾಕದೆ ದಾರಿಯಿಲ್ಲ ಎಂದರು ಡಾಕ್ಟರು. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನದು ಹೊಂದಿತು.

"ಬೇಡ ಕಣಕ್ಕ. ನಿನಗೇನಾದ್ರೂ ಆದ್ರೆ?"

"ಇರೋ ಕಡೆ ಕತ್ತರಿಸಿ ಇಲ್ಲದ ಕಡೆ ಹಾಕೋದು ನನ್ನ ಕಸುಬು ಕಣೋ. ಇದು ಕತ್ತರಿಸಿದ ಮೇಲೂ ಬೆಳೆಯುತ್ತಂತೆ. ಅಂಥ ಬಟ್ಟೆ ಒಂದು ಥಾನೂ ನನ್ನ ಹತ್ರ ಇಲ್ಲ. ಸುಮ್ನೆ ಮಲಗು."

ಕಲಿಯುವವರು ಎಡವಟ್ಟು ಮಾಡಿದಾಗ ತುಳಿಯಲೆಂದು ಕಾರಿನಲ್ಲಿ ಪಕ್ಕದ ಸೀಟಿನ ಮೇಷ್ಟ್ರ ಕಾಲಬುಡದಲ್ಲೂ ಒಂದು ಬ್ರೇಕಿದೆ. ಆಪರೇಷನ್ನಿನ ಬೆಳಿಗ್ಗೆ ಅಕ್ಕನ ಸ್ಟ್ರೆಚರು ಮುಂದೆ ಸಾಗಿದಾಗ ಅವರ ಬಲಗಾಲು ತಾನಾಗಿಯೇ ಹಾಸಿಗೆಯನ್ನು ಒತ್ತಿ ಹಿಡಿಯಿತು. ಸ್ಟ್ರೆಚರು ನಿಲ್ಲಲಿಲ್ಲ.

ಅಕ್ಕ ಬೇಗ ಮನೆಗೆ ಹೋದಳು, ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು. ಮೇಷ್ಟ್ರದು ಮಾತ್ರ ಒಂದಲ್ಲ ಒಂದು ತಕರಾರು. ಮೊದಲು ಪಿತ್ತರಸ ಸೋರಿತು, ಪಕ್ಕೆಗೊಂದು ನಳಿಗೆ ಇಟ್ಟು ಕಾದರು. ಅದು ನಿಂತಿತು ಎನ್ನುವಾಗ, ಮೈ ಹೊಸ ಲಿವರನ್ನು ಪರಕೀಯ ಎಂದು ತಳ್ಳತೊಡಗಿದೆ ಎಂದು ರಕ್ತಪರೀಕ್ಷೆ ಹೇಳಿತು. ಮೇಷ್ಟ್ರು ಗೋಡೆಗೆ ಮುಖಮಾಡಿ ಮಲಗಿದರು. ತಾನು ಹೋದರೆ ಹೋಗಲಿ, ಅಕ್ಕನ ಹೊಟ್ಟೆ ಕೊಯ್ದದ್ದು ದಂಡವಾಯಿತಲ್ಲ ಎಂಬುದೊಂದೇ ಅವರ ಸಂಕಟ.

ನೋಡಲು ಬಂದ ಅಕ್ಕ, ಮಾಸ್ಕಿನ ಒಳಗಿಂದಲೇ ಅಂದಳು: "ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದೋನಲ್ಲ. ಈಗ ನನ್ನ ಲಿವರ್ ಮಾತು ಒಂದೇ ಸಲಕ್ಕೆ ಕೇಳಿಬಿಡ್ತೀಯಾ? ಟೈಮ್ ಹಿಡಿಯುತ್ತೆ. ಮಾತ್ರೆ ನುಂಗು."

ಡಾಕ್ಟರು ಮದ್ದು ಹೆಚ್ಚಿಸಿದರು. ಜಗಳ ನಿಧಾನವಾಗಿ ತಣ್ಣಗಾಯಿತು. ಹೊಟ್ಟೆಯ ನೀರು ಇಳಿದು ಪ್ಯಾಂಟುಗಳೆಲ್ಲ ಗೋಣಿಚೀಲಗಳಾದವು. ಅಕ್ಕ ಒಯ್ದು, ಸೊಂಟ ಹಿಡಿದು, ಬಿಳಿ ನೂಲಿನ ಟಾಕು ಹಾಕಿ ತಂದುಕೊಟ್ಟಳು.

"ಗಟ್ಟಿ ಹೊಲಿಗೆ ಯಾವಾಗ?"

"ಮೂರು ತಿಂಗಳು ಆಗ್ಲಿ."

ಮೇಷ್ಟ್ರು ಮತ್ತೆ ಕೇಳಲಿಲ್ಲ. ಮೊದಲ ಮೂರು ತಿಂಗಳು ದಾಟಿದರೆ ಅರ್ಧ ಹೊಳೆ ದಾಟಿದ ಹಾಗೆ ಎಂದು ಡಾಕ್ಟರು ಹೇಳುವಾಗ ಅಕ್ಕನೂ ಅಲ್ಲೇ ಕೂತಿದ್ದಳು. ಅಂದಿನಿಂದ ಪ್ಯಾಂಟು ಹಾಕುವಾಗಲೆಲ್ಲ ಅವರು ಆ ಬಿಳಿ ನೂಲನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು. ಅಕ್ಕನಿಗೂ ಭಯವಿದೆ ಎನ್ನುವುದಕ್ಕೆ ಅವಳು ಬಿಟ್ಟ ಗುರುತು ಅದೊಂದೇ.

ಆ ನೂಲೇ ಇವತ್ತು ಕೈಕೊಟ್ಟು ಮಾನ ಕಳೆದದ್ದು. ಸೊಂಟವನ್ನು ಮುಷ್ಟಿಯಲ್ಲಿ ಹಿಡಿದು ಕುರ್ಚಿಯ ತುದಿಯಲ್ಲಿ ಕೂತ ಮೇಷ್ಟ್ರ ಫೈಲನ್ನು ದೊಡ್ಡ ಡಾಕ್ಟರು ಸಾವಕಾಶವಾಗಿ ಮಗುಚಿದರು. ಮೇಷ್ಟ್ರ ಬಲಗಾಲು ನೆಲದಲ್ಲಿ ಬ್ರೇಕು ಹುಡುಕುತ್ತಿತ್ತು.

"ಚೆನ್ನಾಗಿ ಕೂತಿದೆ. ರಕ್ತ ಸರಾಗ ಹರೀತಿದೆ, ಬೆಳೆದೂ ಇದೆ. ಅಕ್ಕಂದೂ ಹೆಚ್ಚುಕಮ್ಮಿ ಮೊದಲಿನಷ್ಟಾಗಿದೆ. ಮಾತ್ರೆ ಮಾತ್ರ ಸಾಯೋವರೆಗೂ ಬಿಡೋ ಹಾಗಿಲ್ಲ. ಸಾಯೋದಕ್ಕೆ ಅವಸರವೇನೂ ಇಲ್ಲ."

ಮೇಷ್ಟ್ರಿಗೆ ಎದ್ದು ಕೈಮುಗಿಯಬೇಕೆನಿಸಿತು. ಮುಗಿದರೆ ಪ್ಯಾಂಟು ಹೋಗುತ್ತದೆ. ತಲೆಬಾಗಿದರು.

ಅಲ್ಲಿಂದ ನೇರ ಅಂಗಡಿಗೆ. ಹೆಂಡತಿ ಆಗಲೇ ಫೋನು ಮಾಡಿ, "ಅತ್ತಿಗೆ, ಎಲ್ಲ ಸರಿಯಿದೆಯಂತೆ," ಎಂದು ಅತ್ತೂ ಆಗಿತ್ತು. ಅಕ್ಕ ಮಿಷನ್ನಿಗೆ ಪ್ಯಾಂಟಿನದೇ ಬಣ್ಣದ ನೂಲು ಏರಿಸಿಟ್ಟಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬಗ್ಗುವಾಗ ತನ್ನ ಬಲಪಕ್ಕೆಯನ್ನೊಮ್ಮೆ ಒತ್ತಿ ಹಿಡಿದು, ತಮ್ಮನ ಸೊಂಟಕ್ಕೆ ಟೇಪು ಸುತ್ತಿದಳು.

ಮೂರು ತಿಂಗಳಿಂದ ನುಂಗಿಟ್ಟ ಮಾತು ಮೇಷ್ಟ್ರ ಬಾಯಿಂದ ಹೊರಬಂತು.

"ಅಕ್ಕ, ನಿನ್ನ ಋಣ ನಾನು ಹೇಗೆ ತೀರಿಸ್ಲಿ?"

ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದಳು.

"ಹೊಟ್ಟೆ ಬಿಡು. ಅಳತೆ ತಪ್ಪುತ್ತೆ."